ಮೂಲೆಯ ತಾರೀಖು

ಇಪ್ಪತ್ತೆಂಟು ವರ್ಷ ಮಕ್ಕಳ ಪತ್ರಿಕೆಗೆ ಹಾರುವ ವೀರನ ಕಾಮಿಕ್ಸ್ ಬರೆದು ತೀರಿಕೊಂಡ ಕಲಾವಿದರ ಮೂಲಪುಟಗಳನ್ನು ಗಾಜು ಹಾಕಿ ಪ್ರದರ್ಶನದ ಗೋಡೆಗೆ ತೂಗುಹಾಕಿದ್ದರು. ಅವರ ಹೆಂಡತಿಗೆ ಶಾಲು ಹೊದಿಸಿದ್ದೂ ಆಗಿತ್ತು. ಆ ಶಾಲು ಸೆಕೆಗೆ ಕುತ್ತಿಗೆ ಚುಚ್ಚುತ್ತಿತ್ತು. ಪತ್ರಿಕೆ ತಪ್ಪದೆ ಮನೆಗೆ ಬರುತ್ತಿದ್ದರೂ ಆಕೆ ಅದನ್ನು ಬಿಡಿಸಿ ನೋಡುವುದು ಬಿಟ್ಟು ಬಹಳ ವರ್ಷವಾಗಿತ್ತು.

ಅಭಿಮಾನಿಯೊಬ್ಬ ಆಕೆಯನ್ನು ಒಂದು ಪುಟದ ಮುಂದೆ ಕರೆತಂದು ನಿಲ್ಲಿಸಿದ.

"ನೋಡಿ ಅಮ್ಮಾ, ಮಹಡಿಯಿಂದ ಬೀಳ್ತಿರೋ ಹುಡುಗೀನ ನಮ್ಮ ವೀರ ಹೇಗೆ ಎರಡೂ ಕೈಲಿ ಹಿಡ್ಕೊಂಡಿದ್ದಾನೆ. ಚಿಕ್ಕವನಿದ್ದಾಗ ಇದನ್ನ ನೋಡಿ ಅತ್ತುಬಿಟ್ಟಿದ್ದೆ. ಆ ಹುಡುಗಿ ಮುಖ ಅಂತೂ ಎದುರಿಗೇ ಕೂರಿಸ್ಕೊಂಡು ಬರೆದ ಹಾಗಿದೆ."

ಆಕೆ ಆ ಮುಖ ನೋಡಿದಳು.

"ಮೂಲೇಲಿ ತಿಳಿನೀಲಿ ಪೆನ್ಸಿಲಲ್ಲಿ ತಾರೀಖಿದೆ. ಆ ನೀಲಿ ಅಚ್ಚಲ್ಲಿ ಮೂಡಲ್ಲ, ಅದಕ್ಕೇ ಪತ್ರಿಕೇಲಿ ಯಾರಿಗೂ ಕಂಡಿಲ್ಲ."

ಆಕೆ ಕನ್ನಡಕ ಸರಿಮಾಡಿಕೊಂಡು ತಾರೀಖು ಓದಿದಳು. ಇನ್ನೊಮ್ಮೆ ಓದಿದಳು.

"ಇಷ್ಟು ಗೆರೆಗೆ ಇಡೀ ದಿನ ಹಿಡಿದಿರುತ್ತೆ," ಎಂದ ಆತ. "ಅವತ್ತು ನಿಮ್ಮ ಯಜಮಾನರು ಮೇಜು ಬಿಟ್ಟು ಎದ್ದಿರಲಿಕ್ಕಿಲ್ಲ."

"ಎದ್ದಿರಲಿಲ್ಲ," ಎಂದಳು ಆಕೆ. "ಕೋಣೆಗೆ ಚಿಲಕ ಹಾಕ್ಕೊಂಡಿದ್ರು. ನಾನೇ ಹೋಗಿ ಮೂರು ಸಲ ಬಾಗಿಲು ಬಡಿದೆ."

ಆತ ನಕ್ಕ. "ಊಟಕ್ಕಾ?"

"ಅಲ್ಲಪ್ಪಾ. ಮಣ್ಣಿಗಿಡೋಕೆ ಮುಂಚೆ ಮಗಳ ಮುಖ ಒಂದ್ಸಲ ನೋಡಿ ಅಂತ."