ಕ್ಷೀಣ ದನಿ

ಹಲವರು ಮಾಡಿಕೊಟ್ಟ ಉಪಕರಣಗಳನ್ನು ಹೊತ್ತು ಧೂಮಕೇತುವಿನ ಬೆನ್ನಟ್ಟಿ ಹೋಗಿ ಕಣ್ಮರೆಯಾಗಿದ್ದ ನೌಕೆಯ ದನಿ ಮತ್ತೆ ಕೇಳಿಸಿದ್ದು ಹೇಮಲತಾಳ ಕೇಂದ್ರಕ್ಕೆ. ಟಿವಿಯಲ್ಲಿ ಆ ಸುದ್ದಿ ಬಂದಾಗ ವಾರಿಜಾ ಉಣ್ಣುತ್ತಿದ್ದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಇಬ್ಬರೂ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದು ಓದಿದವರು. ಈಗ ಇಬ್ಬರಿಗೂ ಒಂದೊಂದು ಕೇಂದ್ರ, ಅದರ ಬಯಲು ತುಂಬ ಆಕಾಶಕ್ಕೆ ಮುಖವೊಡ್ಡಿದ ಆಂಟೆನಾಗಳು. ಆದರೂ ಹಾರ ಬೀಳುವುದು ಮಾತ್ರ ಯಾವಾಗಲೂ ಹೇಮಲತಾಳ ಕೊರಳಿಗೇ.

ಮಧ್ಯಾಹ್ನ ಹೇಮಲತಾಳೇ ಫೋನ್ ಮಾಡಿದಳು.

“ವಾರಿ, ದನಿ ತುಂಬಾ ಕ್ಷೀಣ ಕಣೇ. ಏನೋ ಹೇಳ್ತಿದೆ, ಬಿಡಿಸೋಕಾಗ್ತಿಲ್ಲ. ನಿನ್ನ ಆಂಟೆನಾಗಳನ್ನೂ ಆ ಕಡೆ ತಿರುಗಿಸು. ಎರಡೂ ಕಡೆ ಕೇಳಿದ್ದನ್ನ ಕೂಡಿಸಿದ್ರೆ ಸ್ಪಷ್ಟವಾಗತ್ತೆ. ಅದರ ಬ್ಯಾಟರಿ ಸಂಜೆವರೆಗೂ ಬಂದ್ರೆ ಹೆಚ್ಚು.”

ಕೂಡಿಸಿದರೆ ಹೆಸರು ಯಾರಿಗೆ ಬರುತ್ತದೆಂದು ವಾರಿಜಾಳಿಗೆ ಗೊತ್ತಿತ್ತು. ಕಿಟಕಿಯಾಚೆ ಅವಳ ಆಂಟೆನಾಗಳು ಕೆಲಸವಿಲ್ಲದೆ ನಿಂತಿದ್ದವು.

“ಇವತ್ತು ರಿಪೇರಿ ನಡೀತಿದೆ ಹೇಮಾ. ಒಂದೂ ಅಲ್ಲಾಡಲ್ಲ,” ಎಂದಳು.

“ಒಂದ್ನಾಲ್ಕಾದ್ರೂ ತಿರುಗಿಸೇ, ನಿನ್ನ ದಮ್ಮಯ್ಯ.”

“ಆಗಲ್ಲ ಅಂದ್ನಲ್ಲ.”

ಹೊತ್ತು ಮುಳುಗುವಾಗ ನೌಕೆ ಮೌನವಾಯಿತೆಂಬ ಸುದ್ದಿ ಬಂತು. ಎಷ್ಟೋ ದಿನಗಳ ಮೇಲೆ ವಾರಿಜಾಳಿಗೆ ಚಹಾ ರುಚಿಸಿತು. ಅಷ್ಟರಲ್ಲಿ ಮತ್ತೆ ಫೋನ್. ಹೇಮಲತಾ ಅಳುತ್ತಿದ್ದಳು.

“ಕೊನೇ ಗಳಿಗೇಲಿ ಒಂದೇ ಒಂದು ಸಾಲು ಬಿಡಿಸೋಕಾಯ್ತು ವಾರಿ. ನೌಕೇಲಿದ್ದ ಬೇರೆ ಉಪಕರಣಗಳೆಲ್ಲ ಕೆಟ್ಟುಹೋಗಿದ್ವು. ತಾನು ಕಂಡದ್ದನ್ನ ಅಷ್ಟು ಹೊತ್ತೂ ಹೇಳ್ತಾ ಇದ್ದದ್ದು ಒಂದೇ ಉಪಕರಣ, ವರ್ಷಗಟ್ಟಲೆ ಕೂತು ನೀನು ಮಾಡಿದ್ದು.”