ಮೂವತ್ತೆರಡನೆಯ ಜೀವ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಮಳೆಗಾಲದವರೆಗೂ, ಮೆಕಾಂಗ್ ಹೊಳೆಯ ದಂಡೆಯಲ್ಲಿ ಸೊಮ್‌ಚಿತ್ ಎಂಬವನೊಬ್ಬ ಇದ್ದ. ಅಲ್ಲಿಯವರ ನಂಬಿಕೆಯಂತೆ ಎಲ್ಲರ ಮೈಯೊಳಗೂ ಇರುವ ಹಾಗೆ ಅವನ ಮೈಯೊಳಗೂ ಮೂವತ್ತೆರಡು ಜೀವಗಳಿದ್ದವು. ಆದರೆ ಅವನವು ಮನೆಯಲ್ಲಿ ನಿಲ್ಲುವ ಜಾತಿಯವಲ್ಲ. ಎಲ್ಲವೂ ಒಳಗಿದ್ದ ದಿನ ಅವನು ಊರ ಮುಖಂಡನ ಮೈಕು ಕಿತ್ತುಕೊಂಡು, “ಇವತ್ತು ಕೋಳಿಗಳಿಗೆ ರಜೆ, ಯಾರೂ ಮೊಟ್ಟೆ ಕೇಳಬಾರದು” ಎಂದು ಸಾರುತ್ತಿದ್ದ. ಎಮ್ಮೆಯ ಮೇಲೆ ಹಿಂದುಮುಂದಾಗಿ ಕೂತು, ಬಂದ ದಾರಿಗೆ ಟಾಟಾ ಮಾಡುತ್ತ ಗದ್ದೆಗೆ ಹೋಗುತ್ತಿದ್ದ. ಕೆಲವು ಜೀವ ಹೊರಟುಹೋದಾಗ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ, ಇಲ್ಲವೇ ನಿದ್ದೆಗೆಟ್ಟು ಮೂರು ದಿನ ಹೊಳೆಯ ಜೊತೆ ಜಗಳವಾಡುತ್ತಿದ್ದ. ಪಟ್ಟಣದ ಆಸ್ಪತ್ರೆಯ ಮಾತ್ರೆ ನುಂಗುವಾಗ, “ಇದು ಓಡಿಹೋಗೋ ಜೀವದ ಕಾಲಿಗೆ ಹಗ್ಗ” ಎಂದು ಅಕ್ಕನ ಮಗಳು ಕೇಸೋನ್‌ಗೆ ಕಣ್ಣು ಮಿಟುಕಿಸುತ್ತಿದ್ದ.

ಅಂಥದೊಂದು ಒಳ್ಳೆಯ ದಿನ ಅವಳಿಂದ ಮಾತು ತೆಗೆದುಕೊಂಡಿದ್ದ. “ನಾನು ಮೊದಲು ಹೋದ್ರೆ ನಿಮ್ಮಜ್ಜಿಯ ಒಂದು ಜೀವ ನನ್ನ ಹಿಂದೇನೇ ಬಂದುಬಿಡತ್ತೆ ಕಣೇ. ಅದನ್ನ ನೀನೇ ಕೈಬಲೆಯಲ್ಲಿ ಹೊಳೆಯಿಂದ ಮೊಗೆದು ತರಬೇಕು. ಊರ ಮುದುಕಿಯರ ಕೈಗೆ ಬಲೆ ಕೊಡಬೇಡ, ಅತ್ಕೊಂಡು ಕರೀತಾರೆ. ಅಳೋರ ಮನೆಗೆ ಯಾವ ಜೀವ ಬರತ್ತೆ ಹೇಳು?”

“ಆಯ್ತು ಮಾಮ” ಎಂದಿದ್ದಳು ಕೇಸೋನ್, ನಗುತ್ತ.

ಅವನು ಹೊಳೆಗಿಳಿದು ಈಗ ಮೂರು ತಿಂಗಳು. ಕೆಳಗಿನ ಊರಿನವರು ಅವನ ದೇಹವನ್ನು ದೋಣಿಯಲ್ಲಿ ತಂದಿಳಿಸಿದಾಗ ಅಜ್ಜಿ, ಅವನ ತಾಯಿ, ದಡದ ಮೆಟ್ಟಿಲ ಮೇಲೆ ಕುಸಿದಿದ್ದಳು. ಅಂದಿನಿಂದ ಮಾತಿಲ್ಲ. ದಿನಕ್ಕೆ ಎರಡು ತುತ್ತು, ಅದೂ ಬಾಯಿಗಿಟ್ಟರೆ. ಕುಸಿದ ಜಾಗದಲ್ಲೇ ಅವಳ ಜೀವವೊಂದು ಉಳಿದಿದೆಯೆಂದು ಊರಿಗೆಲ್ಲ ಗೊತ್ತಿತ್ತು. ಪಕ್ಕದ ಮನೆಯ ಪಿಂಪಾ ಅಜ್ಜಿ ಮೀನು ಹಿಡಿಯುವ ಕೈಬಲೆಯನ್ನು ತೆಗೆದುಕೊಂಡು ಮೂರು ಸಲ ಹೋಗಿ, ಮೂರು ಸಲವೂ ಬರಿಗೈಯಲ್ಲಿ ವಾಪಸು ಬಂದಿದ್ದಳು.

“ಈಗ ನೀನು ಹೋಗ್ತೀಯಾ? ಮದುವೆಯಾಗದ ಹುಡುಗಿ ಬಲೆಗೆ ಸೀಗಡಿ ಕೂಡ ಬೀಳಲ್ಲ” ಎಂದಳು ಪಿಂಪಾ.

“ನೀವು ಏನಂತ ಕರೆದ್ರಿ ಅಜ್ಜಿ?”

“ಪದ್ಧತಿ ಇದ್ದ ಹಾಗೆ. ಮಗ ಸತ್ತ, ಇನ್ನು ನೀನಾದ್ರೂ ಬಾ ಅಂತ.”

“ಹಾಗೆ ಕರೆದ್ರೆ ನಾನೂ ಬರ್ತಿರಲಿಲ್ಲ.”

“ನಿಮ್ಮ ಮಾಮನ ಬಾಯಿ ನಿಂಗೆ ಬಂದಿದೆ. ಹೋಗು, ನೀನೇ ಕರಿ” ಎಂದು ಪಿಂಪಾ ಬಲೆಯನ್ನು ಅವಳ ಕೈಗೆ ತುರುಕಿ ಮನೆಗೆ ನಡೆದುಬಿಟ್ಟಳು.

ಸಂಜೆಯ ಹೊಳೆ ಹಣ್ಣಾದ ಹುಣಿಸೆಯ ಬಣ್ಣಕ್ಕೆ ತಿರುಗಿತ್ತು. ಕೇಸೋನ್ ಕೊನೆಯ ಮೆಟ್ಟಿಲಲ್ಲಿ ನಿಂತು ಬಲೆಯನ್ನು ನೀರಿಗಿಳಿಸಿದಳು. “ಅಜ್ಜಿಯ ಜೀವವೇ, ಬಾ. ಅಂಟಕ್ಕಿ ಬೇಯಿಸಿದೀನಿ, ಕಲ್ಲಿನ ಹಾಗಾಗಿದೆ, ಬಂದು ಬೈಯಿ. ನಿನ್ನ ಹೊಸ ಲುಂಗಿ ಉಟ್ಕೊಂಡಿದೀನಿ, ಅದಕ್ಕೂ ಬೈಯಿ.” ಮೂರು ಸಲ ಮೊಗೆದಳು. ಬಲೆಯಲ್ಲಿ ಕಂಡದ್ದು ತೊಟ್ಟಿಕ್ಕುವ ಬೆಳಕು ಮಾತ್ರ. ಆದರೂ ಯಾಕೋ ಬಲೆ ಭಾರವೆನಿಸಿತು. ಯಾರೋ ಒಳಗೆ ಕಾಲು ಮಡಚಿಕೊಂಡು ಕೂತು ನಗು ತಡೆಹಿಡಿದ ಹಾಗೆ. ಅವಳು ತಿರುಗಿ ನೋಡದೆ, ಉಸಿರು ಬಿಗಿಹಿಡಿದು, ಬಲೆಯನ್ನು ಎದೆಗೊತ್ತಿಕೊಂಡು ನಡೆದಳು.

ಮನೆಯ ಏಣಿಯ ಬುಡಕ್ಕೆ ಬಂದಾಗ ತಪ್ಪು ಹೊಳೆಯಿತು. ಜೀವ ತಂದವರು ತಾವಾಗಿ ಮಾತಾಡಬಾರದು. ಒಳಗಿನವರು “ಬಂತಾ?” ಎಂದು ಕೇಳಬೇಕು, ಹೊರಗಿನವರು “ಬಂತು” ಎನ್ನಬೇಕು, ಆಮೇಲೆಯೇ ಏಣಿ ಹತ್ತುವುದು. ಕೇಳುವುದಕ್ಕೆ ಪಿಂಪಾಳನ್ನು ಒಳಗೆ ಕೂರಿಸಬೇಕಿತ್ತು. ಈಗ ಮನೆಯಲ್ಲಿದ್ದದ್ದು ಮಾತು ಬಿಟ್ಟ ಅಜ್ಜಿ ಒಬ್ಬಳೇ. ಬಲೆಯನ್ನು ನೆಲಕ್ಕಿಟ್ಟರೆ ಜೀವ ಮತ್ತೆ ಹೊಳೆಯ ದಾರಿ ಹಿಡಿಯುತ್ತದೆ. ಕೇಸೋನ್ ನಿಂತಳು. ತೋಳು ನೋಯತೊಡಗಿತು. ಬಲೆಯ ಹನಿಗಳು ಒಂದೊಂದಾಗಿ ಕಡಿಮೆಯಾಗುತ್ತ ಬಂದವು. ಆಚೆ ದಡದಲ್ಲಿ ದೀಪಗಳು ಹತ್ತಿಕೊಂಡವು. ಕೊನೆಯ ಹನಿ ಬಿದ್ದುಹೋದರೆ ಏನುಳಿಯುತ್ತದೆ ಎಂದು ಅವಳಿಗೆ ತಿಳಿಯಲಿಲ್ಲ.

ಮೇಲೆ ಬಿದಿರಿನ ನೆಲ ಕಿರುಗುಟ್ಟಿತು.

“ಬಂತಾ?” ತುಕ್ಕು ಹಿಡಿದ ಬಾಗಿಲು ತೆರೆದಂಥ ದನಿ.

“ಬಂತು, ಅಜ್ಜಿ.”

ಬಿದಿರಿನ ನೆಲ ಮತ್ತೊಮ್ಮೆ ಕಿರುಗುಟ್ಟಿತು. ಆಮೇಲೆ ಅಜ್ಜಿ, “ಅವನೊಬ್ಬನ್ನೇ ಅಲ್ಲಿ ಬಿಟ್ಟು ಬಂತಾ?” ಎಂದಳು.

ಮೂರು ತಿಂಗಳು ಅಜ್ಜಿಯ ಜೀವ ಆ ಮೆಟ್ಟಿಲ ಮೇಲೆ ಯಾರಿಗೆ ಜೊತೆ ಕೂತಿತ್ತೆಂಬುದು ಕೇಸೋನ್‌ಗೆ ಆಗ ತಿಳಿಯಿತು.

“ಇಲ್ಲ ಅಜ್ಜಿ, ಮಾಮನೇ ಅದನ್ನ ತಳ್ಕೊಂಡು ಬಂದ. ಇಬ್ಬರೂ ಇದಾರೆ, ಅದಕ್ಕೇ ನೋಡು ಕೈ ಸೋತುಹೋಗಿದೆ.”

“ಹಾಗಿದ್ರೆ ಅಲ್ಲೇ ಯಾಕೆ ನಿಂತಿದೀಯ, ಮರದ ಗೊಂಬೆ ಹಾಗೆ? ಮೇಲೆ ಬಾ.”

ಅವಳು ಹತ್ತಿ ಬಂದಾಗ ಅಜ್ಜಿ ಚಾಪೆಯ ಮೇಲೆ ಎದ್ದು ಕೂತಿದ್ದಳು. ಬಲೆಯನ್ನು ಅವಳ ಮಡಿಲಿಗಿಟ್ಟು, ಬಂದ ಜೀವ ಮತ್ತೆ ಹೊರಡದ ಹಾಗೆ ಕೇಸೋನ್ ಬಿಳಿ ನೂಲಿನ ಎಳೆಯೊಂದನ್ನು ಒಣಗಿದ ಆ ಮಣಿಕಟ್ಟಿಗೆ ಸುತ್ತಿ ಗಂಟು ಹಾಕಿದಳು. ಅಜ್ಜಿ ಇನ್ನೊಂದು ಕೈಯನ್ನೂ ಚಾಚಿದಳು.

“ಇದಕ್ಕೂ ಒಂದು ಎಳೆ. ಇದು ಅವನಿಗೆ. ಬಿಗಿಯಾಗಿ ಕಟ್ಟು, ಗಂಟು ಬಿಚ್ಚೋದ್ರಲ್ಲಿ ಪಟಿಂಗ ಅವನು.”

ಕೇಸೋನ್ ಮೂರು ಗಂಟು ಹಾಕಿದಳು.