ಗದ್ದೆ ಏಡಿಯ ಪೋಸ್ಟು

ಸಂಜೆ ಐದೂವರೆ. ಬೈನೆಗದ್ದೆ ಪಂಚಾಯಿತಿ ಅಧ್ಯಕ್ಷ ಪುಟ್ಟಸ್ವಾಮಿ ತಮ್ಮ ಮನೆಯಂಗಳದಲ್ಲಿ ನೀರಗಂಟಿ ಯೋಗೇಶನ ಫೋನ್ ಕಿತ್ತುಕೊಂಡರು.

"ಆ ಚೀಲಾನೂ ಕೊಡೋ."

ಯೋಗೇಶ ಹೆಗಲಿನಿಂದ ಬಟ್ಟೆಚೀಲ ಇಳಿಸಿದ. ಅದರ ತುಂಬ ಊರವರ ಫೋನುಗಳಿದ್ದವು.

ಹೆತ್ತೂರಿನಿಂದಾಚೆಯ ಈ ಊರಿಗೆ ಸಿಗ್ನಲ್ ಇಲ್ಲ. ಟವರ್ ಇದೆ, ಅದರ ಉದ್ಘಾಟನೆಯೂ ಆಗಿದೆ, ಕರೆಂಟ್ ಮಾತ್ರ ಕೊಟ್ಟಿಲ್ಲ. ಸಿಗ್ನಲ್ ಸಿಗುವುದು ಗುಡ್ಡದ ನೆತ್ತಿಯ ಹಾಸುಬಂಡೆಯ ಮೇಲೆ. ಮನೆಯಲ್ಲಿ ಕೂತು ಬರೆದದ್ದು ಫೋನಿನಲ್ಲೇ ಕಾದಿರುತ್ತದೆ. ಸಂಜೆ ಯಾರಾದರೂ ಬಂಡೆ ಮುಟ್ಟಿಸಿದರೆ ಹೋಗಬೇಕಾದ್ದು ಹೋಗುತ್ತದೆ, ಬರಬೇಕಾದ್ದು ಬರುತ್ತದೆ. ಊರಿನಲ್ಲಿ ಇದಕ್ಕೆ ಫೋನಿಗೆ ನೀರು ಕುಡಿಸುವುದು ಎನ್ನುತ್ತಾರೆ.

ಆ ಕೆಲಸ ಯೋಗೇಶನ ಪಾಲಿಗೆ ಬಿದ್ದಿತ್ತು. ಕಚೇರಿಯಲ್ಲಿದ್ದೇನೆ ಎಂದು ಆ್ಯಪಿನಲ್ಲಿ ಹಾಜರಿ ಹಾಕಲು ಅವನು ಹೇಗೂ ಕಚೇರಿ ಬಿಟ್ಟು ಗುಡ್ಡ ಹತ್ತಬೇಕಿತ್ತು. ಪುಟ್ಟಸ್ವಾಮಿ ಜೀಪಿನಲ್ಲಿ ಹತ್ತುತ್ತಿದ್ದರು. ಅಧಿಕಾರಿಗಳ ಗ್ರೂಪಿನಲ್ಲಿ ಅವರು ದಿನಕ್ಕೊಮ್ಮೆ 'ಆಯ್ತು ಸರ್' ಎಂದು ಹಾಕಬೇಕಿತ್ತು. ತಮ್ಮ ಮನೆಯ ಫೋನು ಊರ ಚೀಲಕ್ಕೆ ಬೀಳುವುದನ್ನು ಅವರು ಒಪ್ಪುತ್ತಿರಲಿಲ್ಲ. ಸ್ಥಾನಕ್ಕೆ ಒಂದು ಮರ್ಯಾದೆ ಇರುತ್ತದೆ.

ತಕರಾರು ಶುರುವಾದದ್ದು ಫೆಬ್ರವರಿಯಲ್ಲಿ, ಕೆಳಗಿನ ಕೇರಿಯ ನಲ್ಲಿಗಳು ಒಣಗಿದಾಗ. ಹಳ್ಳದ ಪಂಪ್‌ಹೌಸಿನ ಮೋಟಾರು ಸುಟ್ಟಿದೆ, ರಿಪೇರಿಗೆ ಹೋಗಿದೆ ಎಂದರು ಪುಟ್ಟಸ್ವಾಮಿ. ಆ ವಾರವೇ ಫೇಸ್‌ಬುಕ್ಕಿನಲ್ಲಿ 'ಗದ್ದೆ ಏಡಿ' ಎಂಬ ಪುಟ ಹುಟ್ಟಿತು. ನಡೆಸುವವರ ಹೆಸರಿಲ್ಲ, ಮುಖವಿಲ್ಲ. ಒಂದು ಏಡಿಯ ಚಿತ್ರ ಅಷ್ಟೇ. ಮೊದಲ ಪೋಸ್ಟು: "ಸುಟ್ಟುಹೋದ ಮೋಟಾರು ಅಧ್ಯಕ್ಷರ ತೋಟದಲ್ಲಿ ಕಾಫಿ ಹೂವಿಗೆ ನೀರು ಹೊಡೆಯುತ್ತಿದೆ. ಪವಾಡ."

ಎರಡನೆಯದರಲ್ಲಿ ಫೋಟೊ ಇತ್ತು. ಅಧ್ಯಕ್ಷರ ಹಿತ್ತಿಲಿನ ಸ್ಟೋರ್, ತೆರೆದ ಬಾಗಿಲು, ಒಳಗೆ ಪಂಚಾಯಿತಿಯ ಹೆಸರು ಬರೆದ ಮೋಟಾರು. ಎತ್ತರದಿಂದ ತೆಗೆದ ಚಿತ್ರ. ಮೂಲೆಯಲ್ಲಿ ಬಿಳಿ ಬಟ್ಟೆಯ ಅಂಚು.

ನೀರಿನ ತೊಟ್ಟಿ ತೊಳೆಯಲು ಯೋಗೇಶ ಒಮ್ಮೆ ಆ ಮನೆಯ ತಾರಸಿ ಹತ್ತಿದ್ದ. ಪೋಸ್ಟುಗಳು ಬರುತ್ತಿದ್ದುದೂ ಅವನು ಬಂಡೆಯ ಮೇಲಿರುವ ಹೊತ್ತಿಗೇ. ಪುಟ್ಟಸ್ವಾಮಿ ಜ್ವರವೆಂದು ಮಲಗಿದ್ದ ವಾರ ಯೋಗೇಶ ಒಬ್ಬನೇ ಹತ್ತಿದ್ದ. ಆ ವಾರ ಏಡಿ ಬಾಯಿಬಿಡಲಿಲ್ಲ. ನಾನು ಎದುರಿಗಿಲ್ಲದಿದ್ದರೆ ಅವನಿಗೆ ಮಜಾ ಸಿಗುವುದಿಲ್ಲ ಎಂದು ಪುಟ್ಟಸ್ವಾಮಿ ತೀರ್ಮಾನಿಸಿದರು. ಸೋಮವಾರದ ಸಭೆಯಲ್ಲಿ ಅವನನ್ನು ಕೆಲಸದಿಂದ ತೆಗೆಯುವುದು ಖಚಿತವಾಗಿತ್ತು. ಬಾಕಿ ಇದ್ದದ್ದು ಸಾಕ್ಷಿ.

"ನಾನಲ್ಲ ಕಣಣ್ಣ," ಎಂದ ಯೋಗೇಶ. "ನಮ್ಮನೆಯವ್ಳಿಗೆ ಏಳು ತಿಂಗ್ಳು. ಈಗ ಕೆಲ್ಸ ಹೋಗ್ಬುಟ್ರೆ ಏನ್ ಮಾಡ್ಲಿ?"

"ಏಡಿನ ಕೇಳು."

ಪುಟ್ಟಸ್ವಾಮಿಯ ಹೆಂಡತಿ ತನುಜಾ ಒಣಗಿದ ಹಪ್ಪಳವನ್ನು ಬಿಳಿ ಬಟ್ಟೆಯ ಸಮೇತ ಎತ್ತಿಕೊಂಡು ತಾರಸಿಯಿಂದ ಇಳಿದು ಬಂದರು. "ಯಾಕ್ರೀ ಪಾಪ, ಅವ್ನಿಗೆ ಕಾಟ ಕೊಡ್ತೀರಾ?"

"ಇವ್ನ ಫೋನು, ಈ ಚೀಲ ಎರಡೂ ಇಲ್ಲೇ ಇರ್ತವೆ. ಇವ್ನನ್ನ ಬರಿಗೈಲಿ ಬಂಡೆ ಮೇಲೆ ಕೂರಿಸ್ತೀನಿ. ಇವತ್ತು ಏಡಿ ಸುಮ್ಮನಿದ್ರೆ ಇವ್ನೇ ಏಡಿ."

"ಸುಮ್ಮನಿರದಿದ್ರೆ?"

"ಆವಾಗ ಇವ್ನಲ್ಲ ಅಂತ ಸಭೇಲಿ ನಾನೇ ಹೇಳ್ತೀನಿ. ಮಾತಂದ್ರೆ ಮಾತು."

"ಸರಿ. ಇಬ್ರೂ ಕಾಫಿ ಕುಡ್ದು ಹೋಗಿ," ಎಂದು ತನುಜಾ ಒಳಗೆ ಹೋದರು.

ಕಾಫಿ ಬರುವುದು ಸ್ವಲ್ಪ ತಡವಾಯಿತು. ಲೋಟಗಳ ಜೊತೆ ಅವರು ತಮ್ಮ ಫೋನನ್ನೂ ತಂದಿದ್ದರು. ಪುಟ್ಟಸ್ವಾಮಿ ಎಂದಿನಂತೆ ಅದನ್ನು ಅಂಗಿಯ ಜೇಬಿಗೆ ಇಳಿಸಿದರು.

"ಅಮ್ಮನಿಗೆ ಹಪ್ಪಳದ ಫೋಟೊ ಹಾಕಿದೀನಿ. ನಿಧಾನಕ್ಕೆ ಹೋಗುತ್ತೆ. ಹೋಗೋ ತನಕ ಇಳೀಬೇಡಿ."

ಬಂಡೆಯ ಮೇಲೆ ಗಾಳಿ ಜೋರಾಗಿತ್ತು. ಇಬ್ಬರೇ ಕುಳಿತರು. ಪುಟ್ಟಸ್ವಾಮಿ ತಮ್ಮ ಫೋನಿನಲ್ಲಿ 'ಆಯ್ತು ಸರ್' ಹಾಕಿ ಮುಗಿಸಿದರು.

"ಏಡಿ ಹಿಡಿಯೋರು ಬಿಲಕ್ಕೆ ಕೈ ಹಾಕ್ತಾರೆ ಕಣಣ್ಣ," ಎಂದ ಯೋಗೇಶ. "ಬಂಡೆ ಮೇಲೆ ಕೂತ್ರೆ ಬಿಸ್ಲು ಸಿಗುತ್ತೆ ಅಷ್ಟೆ."

"ಇವತ್ತು ಏಡಿ ನನ್ ಪಕ್ಕದಲ್ಲೇ ಕೂತೈತೆ."

ಇನ್ನೂ ಸ್ವಲ್ಪ ಹೊತ್ತು ಕಾದರು. ಏನೂ ಬರಲಿಲ್ಲ. ಪುಟ್ಟಸ್ವಾಮಿಯ ಮುಖದಲ್ಲಿ ನಗು ಮೂಡಿತು. ಅವರು ಎದ್ದು ಪಂಚೆ ಕೊಡವಿದರು. ಯೋಗೇಶ ತಲೆ ತಗ್ಗಿಸಿದ.

ಆಮೇಲೆ, ಹಪ್ಪಳದ ಫೋಟೊ ನೆನಪಾಗಿ, ಪುಟ್ಟಸ್ವಾಮಿ ಮತ್ತೆ ಕುಳಿತರು. ಹೆಂಡತಿಯ ಮಾತು ಮೀರಿ ಇಳಿದರೆ ಮನೆಯಲ್ಲಿ ಉತ್ತರ ಕೊಡಬೇಕಾಗುತ್ತಿತ್ತು.

ಅವರ ಕೈಯಲ್ಲಿದ್ದ ಫೋನ್ ಸದ್ದು ಮಾಡಿತು. ಗದ್ದೆ ಏಡಿ, ಹೊಸ ಪೋಸ್ಟು. ಫೋಟೊದಲ್ಲಿ ಅದೇ ಸ್ಟೋರ್, ಅದೇ ಮೋಟಾರು. ಕೆಳಗೆ ಎರಡು ಸಾಲು: "ನೀರಗಂಟಿಯ ಫೋನು ಅಧ್ಯಕ್ಷರ ಮನೆಯಲ್ಲಿದೆ. ಏಡಿ ನಡೆಯುತ್ತಲೇ ಇದೆ. ಮಾತಂದ್ರೆ ಮಾತು."

ಪುಟ್ಟಸ್ವಾಮಿ ಯೋಗೇಶನ ಜೇಬುಗಳನ್ನು ತಡಕಿದರು. ಬೀಡಿ ಕಟ್ಟು, ಬೆಂಕಿಪೊಟ್ಟಣ, ನಲ್ಲಿಯ ಒಂದು ವಾಷರ್. ಬಂಡೆಯ ಸುತ್ತ ಒಂದು ಸುತ್ತು ಹಾಕಿದರು. ಯಾರೂ ಇರಲಿಲ್ಲ.

"ನನ್ ಫೋನು ನಿಮ್ಮನೇಲೈತೆ," ಎಂದ ಯೋಗೇಶ. "ನಿಮ್ದು ನಿಮ್ ಕೈಲೈತೆ." ಅವನ ಕಣ್ಣು ಅಧ್ಯಕ್ಷರ ಅಂಗಿಯ ಜೇಬಿನ ಮೇಲಿತ್ತು.

ಪುಟ್ಟಸ್ವಾಮಿ ಹೆಂಡತಿಯ ಫೋನನ್ನು ಹೊರಗೆ ತೆಗೆದರು. ಬೀಗ ಹಾಕಿದ ಪರದೆಯ ಮೇಲೆ ಒಂದು ಸಾಲು ಹೊಳೆಯುತ್ತಿತ್ತು: 'ಗದ್ದೆ ಏಡಿ: ನಿಮ್ಮ ಪೋಸ್ಟ್ ಪ್ರಕಟವಾಗಿದೆ.'

ಸಭೆಗೆ ಮೊದಲೇ, ಭಾನುವಾರ ಬೆಳಿಗ್ಗೆ, ಮೋಟಾರು ಪಂಪ್‌ಹೌಸಿಗೆ ಬಂತು. ಅದನ್ನು ಕೂರಿಸಿದವನು ನೀರಗಂಟಿ ಯೋಗೇಶ.